ಪ್ರಭಾವತಿಯ ಮೌನ ದಿಗ್ವಿಜಯ

ಮ್ಯಾಂಚೆಸ್ಟರಿನ ದಕ್ಷಿಣದ ಅಂಚಿನಲ್ಲಿರುವ ಒಂದು ಆಸ್ಪತ್ರೆ. ಅಲ್ಲಿ ಮೂಳೆ ಮುರಿದುಕೊಂಡು ಬರುವವರ ಕ್ಲಿನಿಕ್ಕಿನ ಹೆಬ್ಬಾಗಿಲನ್ನು ಪ್ರಭಾವತಿ ವರ್ಷಗಟ್ಟಲೆ ಕಾದಿದ್ದಳು. ಕತ್ತಿ ಗುರಾಣಿಗಳಿರಲಿಲ್ಲ. ರಿಸೆಪ್ಶನ್ ಕೌಂಟರು, ಒಂದು ಫೋನು, ಮೈಸೂರಿನಿಂದ ಹೊತ್ತು ತಂದ ಮುಗಿಯದ ಮಾತು, ಇಷ್ಟೇ ಅವಳ ಆಯುಧಗಳು.

ನಲವತ್ತೈದು ದಾಟಿದ ಮೇಲೆ ಆಸ್ಪತ್ರೆಯವರು ಅವಳನ್ನು ಡಿಗ್ರಿ ಅಪ್ರೆಂಟಿಸ್‌ಶಿಪ್ಪಿಗೆ ಸೇರಿಸಿದರು. ವಾರದಲ್ಲಿ ಒಂದು ದಿನ ಯೂನಿವರ್ಸಿಟಿ, ಮಿಕ್ಕ ದಿನ ಎಂದಿನ ಕೆಲಸ. ಸಂಬಳ ನಿಲ್ಲುವುದಿಲ್ಲ, ಕೊನೆಗೆ ಮ್ಯಾನೇಜ್‌ಮೆಂಟ್ ಪದವಿ. ಆದರೆ ಕಲಿತದ್ದನ್ನು ಕೆಲಸದಲ್ಲೇ ಮಾಡಿ ತೋರಿಸಿ ಪರೀಕ್ಷಕರಿಗೆ ಒಪ್ಪಿಸಬೇಕು. ಕ್ಲಿನಿಕ್ಕಿನ ಮ್ಯಾನೇಜರ್ ಕುರ್ಚಿ ಖಾಲಿಯಿತ್ತು. ಪಾಸಾದರೆ ಅದು ಅವಳದು, ಇಲ್ಲವಾದರೆ ಮತ್ತೆ ಕೌಂಟರು.

ಅವಳು ಆರಿಸಿಕೊಂಡ ಶತ್ರು ಗಾಲಿಕುರ್ಚಿ. ಎಕ್ಸ್‌ರೇಗೆ ಹೋದ ಕುರ್ಚಿಗಳು ಹಿಂತಿರುಗುತ್ತಿರಲಿಲ್ಲ, ರೋಗಿಗಳು ಕಾಯುತ್ತಿದ್ದರು, ಡಾಕ್ಟರು ಗೊಣಗುತ್ತಿದ್ದರು. ಹಾಗಾಗಿ ದಿನಾ ಬೆಳಿಗ್ಗೆ ಎಲ್ಲರನ್ನೂ ನಿಲ್ಲಿಸಿ ಐದು ನಿಮಿಷದ ಸಭೆ ಶುರುಮಾಡಿದಳು. ಐದೂ ನಿಮಿಷ ಅವಳೇ ಮಾತಾಡಿದಳು. ರೋಗಿಗಳನ್ನು ತಳ್ಳುವ ಪೋರ್ಟರ್ ಡೆರೆಕ್ ಛಾವಣಿ ನೋಡಿದ, ನರ್ಸುಗಳ ಮುಖ್ಯಸ್ಥೆ ಮೊರೀನ್ ಟೀ ಕುಡಿದಳು. ಕುರ್ಚಿಗಳು ಮಾತ್ರ ಎಂದಿನಂತೆ ಮಾಯ.

"ನಾಯಕಿ ಕಡಿಮೆ ಮಾತಾಡ್ಬೇಕಂತೆ ರೀ, ಲೆಕ್ಚರರು ಹೇಳಿದ್ರು," ಎಂದಳು ಗಂಡನ ಹತ್ತಿರ.

"ಹಾಗಾದ್ರೆ ಫೀಸು ವೇಸ್ಟಾಗಿಲ್ಲ ಬಿಡು," ಎಂದ ಉಮಾಶಂಕರ.

"ಫೀಸು ಆಸ್ಪತ್ರೆ ಕಡೆಯಿಂದ. ನಿಮ್ಮದೇನು ಹೋಯ್ತು?"

ಒಂದು ಸೋಮವಾರ ಸಭೆಯ ನಡುವೆಯೇ ಮೇಲಿನ ಮಹಡಿಯಿಂದ ಅವಳಿಗೆ ಕರೆ ಬಂತು. ಸಭೆ ಮುಗಿಯಿತೆಂದುಕೊಂಡು ಪ್ರಭಾವತಿ ಎಲ್ಲರತ್ತ ತಿರುಗಿ, ಕೈಮುಗಿಯುವಷ್ಟು ವಿನಯದಿಂದ "ಓಕೆ, ಐ ವಿಲ್ ಕಮ್" ಎಂದು ಹೊರಟುಬಿಟ್ಟಳು. ಮೈಸೂರಿನ ಹೆಣ್ಣುಮಗಳು ಬಾಯ್ತುಂಬ "ಹೋಗ್ತೀನಿ" ಎಂದಾಳೆಯೇ? ಅಪಶಕುನವಲ್ಲವೇ? ಆದರೆ ಅವಳ ಮಂದೆಗೆ ಮೈಸೂರಿನ ಶಾಸ್ತ್ರ ಗೊತ್ತಿರಲಿಲ್ಲ. ಬರುತ್ತೇನೆಂದಳಲ್ಲ, ಬರಲಿ ಎಂದು ನಿಂತೇ ಇತ್ತು.

ಸಾವಕಾಶವಾಗಿ ಕೆಳಗಿಳಿದು ಬಂದ ಅವಳ ಕಿವಿಗೆ ಬಾಗಿಲಾಚೆಯಿಂದ ಯುದ್ಧಘೋಷ ಬಿತ್ತು.

"ನಿಮ್ಮ ನರ್ಸುಗಳು ಕುರ್ಚಿನ ಪರದೆ ಹಿಂದೆ ಬಚ್ಚಿಡ್ತಾರೆ!" ಎನ್ನುತ್ತಿದ್ದ ಡೆರೆಕ್.

"ನೀನು ತಗೊಂಡು ಹೋಗಿ ಆಸ್ಪತ್ರೆ ಮುಂಬಾಗಿಲಲ್ಲಿ ಬಿಡ್ತೀಯ, ಅದಕ್ಕೇ ಬಚ್ಚಿಡೋದು!" ಎಂದಳು ಮೊರೀನ್.

"ನನಗೆ ಅಲ್ಲೇ ಬಿಡು ಅಂದಿದಾರೆ, ಲವ್!" ಜಗಳದಲ್ಲೂ ಎದುರಿನವರನ್ನು 'ಲವ್' ಎನ್ನುವುದು ಆ ಊರಿನ ರೂಢಿ.

"ಯಾರು?"

ಯಾರೆಂದು ಯಾರಿಗೂ ನೆನಪಿರಲಿಲ್ಲ. ಒಂದಿಷ್ಟು ಬೈದಾಡಿಕೊಂಡ ಮೇಲೆ ಒಪ್ಪಂದವಾಯಿತು: ಡೆರೆಕ್ ಖಾಲಿ ಕುರ್ಚಿಯನ್ನು ಎಕ್ಸ್‌ರೇಯಿಂದ ಕ್ಲಿನಿಕ್ಕಿಗೇ ತಂದು ಬಿಡಬೇಕು, ನರ್ಸುಗಳು ಬಚ್ಚಿಡಬಾರದು.

ಒಳಗೆ ಬಂದ ಪ್ರಭಾವತಿಯನ್ನು ಕಂಡು ಡೆರೆಕ್ ಮೂಗು ಮುರಿದ. "ಬರ್ತೀನಿ ಅಂದ್ರಿ, ಕಾದು ಕಾದು ನಾವೇ ಮುಗಿಸಿಬಿಟ್ವಿ."

ಅವಳ ನಾಲಿಗೆಯ ತುದಿಯಲ್ಲಿ ಏಳು ವಾಕ್ಯ ಸಾಲುಗಟ್ಟಿ ನಿಂತಿದ್ದವು. ಏಳನ್ನೂ ನುಂಗಿದಳು. ಮರುದಿನ "ಇವತ್ತು ಎಲ್ಲಿ ಸಿಕ್ಕಿಕೊಳ್ತಿದೆ?" ಎಂದು ಒಂದೇ ಪ್ರಶ್ನೆ ಕೇಳಿ, ತುಟಿ ಬಿಗಿದು ನಿಂತಳು. ಸಭೆ ಗಾಬರಿಯಾಯಿತು.

"ಹುಷಾರಿಲ್ವಾ, ಪ್ರಭಾ?" ಎಂದಳು ಮೊರೀನ್.

ಪ್ರಭಾವತಿ ಹಾಗೇನಿಲ್ಲವೆಂದು ತಲೆಯಾಡಿಸಿದಳು. ಅವಳು ಸುಮ್ಮನಿರುವುದನ್ನು ತಡೆಯಲಾರದೆ ಕೊನೆಗೆ ಡೆರೆಕ್ಕೇ ಕುರ್ಚಿಗಳು ಲಿಫ್ಟಿನ ಬಳಿ ಸಿಕ್ಕಿಕೊಳ್ಳುವ ವಿಷಯ ಎತ್ತಿದ, ಮೊರೀನ್ ಆ ಸಿಕ್ಕನ್ನು ಬಿಡಿಸಿದಳು. ಕೆಲವೇ ವಾರಗಳಲ್ಲಿ ಡಾಕ್ಟರ ಗೊಣಗಾಟ ನಿಂತಿತು.

ಪರೀಕ್ಷೆಯ ಹಿಂದಿನ ದಿನ ಉಮಾಶಂಕರ ಮಂತ್ರಿಯಂತೆ ಉಪದೇಶ ಕೊಟ್ಟ. "ಎಲ್ಲಾ ನಾನೇ ಪ್ಲಾನ್ ಮಾಡಿದ್ದು ಅಂತ ಹೇಳಿಬಿಡು. ಹೊರಡೋವಾಗ ಇಂಗ್ಲಿಷ್ ತಪ್ಪಿ ಗೆದ್ದೆ ಅಂದ್ರೆ ಯಾರು ಪದವಿ ಕೊಡ್ತಾರೆ?"

ಅವಳು ಇದ್ದದ್ದನ್ನು ಇದ್ದಂತೆ ಹೇಳಿದಳು. ಪರೀಕ್ಷಕಿ ನಗು ತಡೆದುಕೊಂಡು ಕೇಳಿದಳು: "ಸೋಮವಾರದ್ದು ಆಕಸ್ಮಿಕ. ಹಾಗಾದರೆ ಇದರಲ್ಲಿ ನೀವು ಮಾಡಿದ್ದೇನು?"

"ಮಂಗಳವಾರ ಬಾಯಿ ಮುಚ್ಚಿಕೊಂಡೆ," ಎಂದಳು ಪ್ರಭಾವತಿ. "ಅದನ್ನು ಬೇಕೆಂದೇ ಮಾಡಿದೆ. ಹುಟ್ಟಿದಾಗಿನಿಂದ ಮಾಡಿದ ಕೆಲಸಗಳಲ್ಲಿ ಅದೇ ಕಷ್ಟದ್ದು."

ಪಾಸಾದಳು. ಕುರ್ಚಿಯೂ ಬಂತು. ಸುದ್ದಿ ಕೇಳಿದ ಡೆರೆಕ್ ಮುಖ ಸಣ್ಣ ಮಾಡಿಕೊಂಡು, "ಈಗ ಮ್ಯಾನೇಜರು. ಮತ್ತೆ ಮಾತು ಶುರುವಾಗುತ್ತಾ?" ಎಂದು ಕೇಳಿದ. ಪ್ರಭಾವತಿ ಬಾಯಿ ತೆರೆದಳು. ಅಷ್ಟರಲ್ಲಿ ಮೊರೀನ್ ಅವಳ ಕೈಗೆ ಕೇಕಿನ ದೊಡ್ಡ ತುಂಡು ಕೊಟ್ಟು, "ಮೊದಲು ಇದನ್ನ ಮುಗಿಸು, ಲವ್," ಎಂದಳು.