ಮುಯ್ಯಿ ಮುರಿದ ಸೀರೆ

ಯಾರಾದರೂ ಬಹುಮಾನ ಎಂದರೆ ನನಗೆ ಈಗಲೂ ಮೈ ಉರಿಯುತ್ತದೆ. ನಗುವವರು ನಗಲಿ. ಬಾಗಲಕೋಟೆಯ ಹತ್ತಿ ಗಿರಣಿಯಲ್ಲಿ ಆರು ಹಂಗಾಮು ದುಡಿದವಳು ನಾನು. ಬಹುಮಾನ ಏನು ಮಾಡುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಹುನಗುಂದದ ಕಡೆಯ ಹಳ್ಳಿಯಿಂದ ನನ್ನನ್ನು ಬಾಗಲಕೋಟೆಗೆ ಕೊಟ್ಟಿದ್ದರು. ಗಂಡ ಸ್ಟೇಷನ್ನಿನಲ್ಲಿ ಹತ್ತಿಯ ಅಂಡಿಗೆ ಹೊರುತ್ತಿದ್ದ. ಒಬ್ಬನ ದುಡಿತದಲ್ಲಿ ಮನೆ ಸಾಗದೆ ನಾನೂ ಗಿರಣಿ ಸೇರಿದೆ. ಒಳಗೆ ಎರಡು ಸಾಲು ಮಿಷನ್ನು, ಒಂದೊಂದಕ್ಕೆ ಒಬ್ಬೊಬ್ಬ ಹೆಂಗಸು. ಕಾಳಿದ್ದ ಹತ್ತಿಯನ್ನು ಕೈಯಿಂದ ತುಂಬುತ್ತ ನಿಲ್ಲಬೇಕು. ಅರಳೆ ಮುಂದೆ ಬೀಳುತ್ತಿತ್ತು, ಕಾಳು ಕೆಳಗೆ ಉದುರುತ್ತಿತ್ತು, ಧೂಳೆಲ್ಲ ನಮ್ಮ ಎದೆಗೆ ಹೋಗುತ್ತಿತ್ತು. ಗಿರಣಿಯ ಭೋಂಗಾ ಬೆಳಿಗ್ಗೆ ಕೂಗಿದಾಗಿನಿಂದ ಸಂಜೆ ಕೂಗುವವರೆಗೆ ಇದೇ ಬಾಳು.

ನನ್ನ ಪಕ್ಕದ ಮಿಷನ್ನಿನವಳು ಸಾಬರ ಮುದುಕಿ, ಚಿಕ್ಕಮ್ಮ ಎನ್ನುವ ಹಾಗೆ ಎಲ್ಲರೂ ಅವಳನ್ನು ಖಾಲಾ ಎನ್ನುತ್ತಿದ್ದರು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮೇಲಾಗಿ ದಮ್ಮಿನ ರೋಗ. ಗಿರಣಿ ಬಿಟ್ಟರೆ ಅವಳಿಗೆ ಬೇರೆ ದಿಕ್ಕಿರಲಿಲ್ಲ. ನಾನು ಸೇರಿದ ವಾರ ಬೆರಳೆಲ್ಲ ಬಾತುಕೊಂಡು ಅಳುತ್ತ ನಿಂತಾಗ ಅವಳೇ ನನ್ನನ್ನು ಬದಿಗೆ ಸರಿಸಿದಳು.

"ಹೋಗ ಮಗಳ, ಬಾಗಲದಾಗ ಕುಂತು ಕೈಗೆ ನೀರ ಹಾಕ್ಕೊ. ನಿಂದೂ ನಾ ತುಂಬತೇನಿ. ನಾಳೆ ನೀ ನಂದು ತುಂಬೀಯಂತ."

ನಮ್ಮ ಕಡೆ ಇದಕ್ಕೆ ಮುಯ್ಯಿ ಎನ್ನುತ್ತಾರೆ. ಇಂದು ನೀನು ನನ್ನ ಹೊಲದ ಕಳೆ ತೆಗೆದರೆ ನಾಳೆ ನಾನು ನಿನ್ನ ಹೊಲಕ್ಕೆ ಬರಬೇಕು. ಹೊಲ ಬಿಟ್ಟು ಬಂದ ಹೆಂಗಸರು ಮುಯ್ಯಿಯನ್ನು ಬಿಟ್ಟು ಬಂದಿರಲಿಲ್ಲ. ಒಬ್ಬಳಿಗೆ ಜ್ವರ ಬಂದರೆ, ಒಬ್ಬಳು ಕೂಸಿಗೆ ಹಾಲೂಡಿಸಬೇಕಾದರೆ, ಪಕ್ಕದವಳು ಎರಡೂ ಮಿಷನ್ನು ನೋಡಿಕೊಳ್ಳುತ್ತಿದ್ದಳು. ಖಾಲಾಗೆ ದಮ್ಮು ಎದ್ದಾಗ ದಿನಕ್ಕೆ ಒಂದು ತಾಸು ಅವಳದ್ದನ್ನು ನಾನು ತುಂಬುತ್ತಿದ್ದೆ. ಅದು ದೊಡ್ಡ ಉಪಕಾರ ಎಂದು ನನಗೂ ಅನಿಸಿರಲಿಲ್ಲ, ಅವಳಿಗೂ ಅನಿಸಿರಲಿಲ್ಲ.

ನಮ್ಮ ಕೆಲಸದ ಮೇಲೆ ಕಣ್ಣಿಡುವ ಮುಕಾದಮನಿಗೆ ಇದು ಕಣ್ಣಿಗೆ ಬಿದ್ದ ಕಸ. "ಇದೇನ್ ನಿಮ್ಮಪ್ಪನ ಹೊಲ ಏನಬೇ? ಅವರವರ ಮಿಷನ್ ಅವರವರ ನೋಡ್ರಿ!" ಎಂದು ಒಂದು ಹಂಗಾಮಿಡೀ ಗಂಟಲು ಹರಿದುಕೊಂಡ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವನು ಬೈದಷ್ಟೂ ನಮಗೆ ಹಟ ಹೆಚ್ಚಾಯಿತು.

ಗಿರಣಿಯ ಒಡೆಯ ಸಾವ್ಕಾರ ಮಾತ್ರ ಬೈಯುವ ಮನುಷ್ಯನಲ್ಲ. ಹಣೆ ತುಂಬ ವಿಭೂತಿ, ಬಾಯಿ ತುಂಬ ಸಕ್ಕರೆ. ಮರು ವರ್ಷ ಇಳಕಲ್ಲಿನಿಂದ ಒಂದು ಸೀರೆ ತರಿಸಿ ಕಚೇರಿಯ ಗೋಡೆಗೆ ತೂಗುಹಾಕಿಸಿದ. ಹಸಿರು ಒಡಲು, ಕೆಂಪು ರೇಷ್ಮೆ ಸೆರಗು.

"ನೋಡ್ರೆವಾ," ಎಂದ, "ಕೂಲಿ ಅಂತ ದುಡೀಬ್ಯಾಡ್ರಿ, ಕಾಯಕ ಅಂತ ದುಡೀರಿ. ಈ ಅಮಾಸಿಯಿಂದ ಮುಂದಿನ ಅಮಾಸಿ ತನಕ ಯಾರ ಮಿಷನ್ನಿನ ಅರಳಿ ಹೆಚ್ಚಿಗಿ ತೂಗತೈತಿ, ಅವರಿಗೆ ಈ ಸೀರಿ."

ಆ ಬೇಸಿಗೆಯಲ್ಲಿ ಇಳಕಲ್ಲಿನ ಸೋದರಮಾವನ ಮನೆಯಲ್ಲಿ ನನ್ನ ತಂಗಿಯ ಮದುವೆ ಇತ್ತು. ನನ್ನಲ್ಲಿದ್ದದ್ದು ಎರಡು ಸೀರೆ, ಎರಡಕ್ಕೂ ತೇಪೆ. ನೇಕಾರರ ಊರಿಗೆ ತೇಪೆಯ ಸೀರೆ ಉಟ್ಟು ಹೋದರೆ ಅತ್ತಿಗೆ ಮೂಗು ಮುರಿಯದೆ ಬಿಟ್ಟಾಳೆಯೇ? ಆ ಕೆಂಪು ಸೆರಗು ನನ್ನ ತಲೆ ಹೊಕ್ಕಿತು. ಉಣ್ಣುವಾಗಲೂ ಅದೇ, ಮಲಗುವಾಗಲೂ ಅದೇ.

ಸುಮ್ಮನೆ ಹೇಳುವುದಲ್ಲ, ಮುಯ್ಯಿ ನಾಲ್ಕೇ ದಿನದಲ್ಲಿ ಮುರಿದುಬಿತ್ತು. ಮುಕಾದಮ ಬಾಯಿ ಬಡಿದುಕೊಂಡು ಮಾಡಲಾಗದ್ದನ್ನು ನಾವೇ ಮಾಡಿಕೊಂಡೆವು. ಕೂಸು ಅತ್ತರೂ ತಾಯಂದಿರು ಮಿಷನ್ನು ಬಿಡುತ್ತಿರಲಿಲ್ಲ. ನೀರು ಕುಡಿಯಲು ಹೋದವಳ ಬುಟ್ಟಿಯಿಂದ ಹತ್ತಿ ಕದ್ದವರೂ ಇದ್ದರು. ಮಧ್ಯಾಹ್ನದ ರೊಟ್ಟಿಯನ್ನು ನಾನು ನಿಂತೇ ತಿನ್ನುತ್ತಿದ್ದೆ.

ಒಂದು ದಿನ ಖಾಲಾಗೆ ದಮ್ಮು ಬಿಗಿಯಿತು. ಎದೆ ಹಿಡಿದುಕೊಂಡು ನನ್ನತ್ತ ನೋಡಿದಳು.

"ಮಗಳ, ಒಂದ್ ಸ್ವಲ್ಪ ನೋಡ್ಕೋತಿಯೇನ? ಬಾಗಲದಾಗ ಕುಂತ ಬರ್ತೇನಿ."

"ಇವತ್ತೊಂದಿನ ಬ್ಯಾಡ ಖಾಲಾ," ಎಂದೆ. ತಲೆ ಎತ್ತಲಿಲ್ಲ.

ಅವಳು ಹೋಗಿ ಕುಳಿತಳು. ಅವಳ ಮಿಷನ್ನು ಬರಿದೇ ತಿರುಗುತ್ತಿತ್ತು. ಆ ಸದ್ದು ನನಗೆ ಕೇಳಿಸುತ್ತಿತ್ತು, ಕೇಳಿಸಲಿಲ್ಲ ಎಂದರೆ ನನ್ನ ನಾಲಿಗೆಗೆ ಹುಳ ಬೀಳಲಿ. ಮರುದಿನವೂ ಹಾಗೇ ಆಯಿತು, ಅದರ ಮರುದಿನವೂ. ವಾರದ ಕೊನೆಗೆ ಮುಕಾದಮ ಅವಳನ್ನು ಕರೆದು, "ನಿನಗಿನ್ನ ಆಗೂದಿಲ್ಲ ಮುದುಕಿ, ನಾಳಿಂದ ಬರಬ್ಯಾಡ" ಎಂದ. ನಾನಂತೂ ಹತ್ತಿ ತುಂಬುತ್ತಲೇ ಇದ್ದೆ.

ಅಮಾವಾಸ್ಯೆಯ ಸಂಜೆ ಸೀರೆ ನನ್ನ ಕೈಗೆ ಬಂತು. ಸಾವ್ಕಾರ ಶಹಬ್ಬಾಸ್ ಎಂದ. ಮರುದಿನ ಭೋಂಗಾ ಆಗುತ್ತಲೇ ಮುಕಾದಮ ನನ್ನ ಪಕ್ಕದಲ್ಲಿ ಬಂದು ನಿಂತು ಎಲ್ಲರನ್ನೂ ಕೂಗಿದ. "ನೋಡಿದ್ರಿಲ್ಲ? ಇಕಿ ಕೈಲೆ ಆಗೂದು ನಿಮ್ಮ ಕೈಲೆ ಯಾಕ ಆಗೂದಿಲ್ಲ? ಇವತ್ತಿನಿಂದ ಎಲ್ಲಾರೂ ದಿನಾ ಇಷ್ಟ ತಗೀಬೇಕು. ಕೂಲಿ ಮಾತ್ರ ಹಿಂದಿನಷ್ಟ." ಮೂವತ್ತು ಹೆಂಗಸರು ನನ್ನತ್ತ ತಿರುಗಿದರು. ಅಂದಿನಿಂದ ಗಿರಣಿಯಲ್ಲಿ ಯಾರೂ ನನ್ನ ಜೊತೆ ರೊಟ್ಟಿಯ ಗಂಟು ಬಿಚ್ಚಲಿಲ್ಲ.

ಮದುವೆಗೆ ಹೊರಡುವ ಮುಂಚಿನ ದಿನ ಖಾಲಾ ನಮ್ಮ ಮನೆಗೆ ಬಂದಳು. ಓಣಿಯ ನಾಲ್ಕು ಮನೆಗಳಲ್ಲಿ ಜೋಳ ಹಸನು ಮಾಡಿಕೊಟ್ಟು ಹೊಟ್ಟೆ ಹೊರೆಯುತ್ತಿದ್ದಳು. ಇಳಿದುಹೋಗಿದ್ದಳು. ಸೀರೆ ನೋಡುತ್ತೇನೆ ಎಂದಳು, ತೋರಿಸಿದೆ. ಸೆರಗಿನ ಮೇಲೆ ಕೈಯಾಡಿಸಿ, "ಛಲೋ ಐತಿ, ಉಟಗೊಂಡ ಹೋಗು" ಎಂದಳು. ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಏಳುವಾಗ ಕೇಳಿದಳು. "ನನ್ನ ಮಿಷನ್ನಿಗೆ ಯಾರನ್ನ ಹಚ್ಚ್ಯಾರ ಮಗಳ?"

"ನನ್ನನ್ನ," ಎಂದೆ. "ಎರಡೂ ನನಗ ಹಚ್ಚ್ಯಾರ."

"ಇಬ್ಬರ ಕೂಲಿ ಕೊಡ್ತಾರೇನು?"

"ಇಲ್ಲ ಖಾಲಾ."

ಅವಳು ಬೈಯಲಿಲ್ಲ. ಬೈದಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆ. ಉಸಿರು ಹಿಡಿದುಕೊಂಡು ಖರೆಯೇ ತಿಳಿಯದವಳಂತೆ ಕೇಳಿದಳು. "ಸಾವ್ಕಾರಗ ದಿನಾಪೂರ್ತಿ ತುಂಬತಿ. ನನಗ ಒಂದ್ ತಾಸ ಯಾಕ ಆಗಲಿಲ್ಲಬೇ?"