ಗೌರಮ್ಮ ಕುಡಿದ ವೈನ್

ಗೌರಮ್ಮನವರಿಗೆ ಮನುಷ್ಯರ ಯೋಗ್ಯತೆ ಮೂಗಿನಿಂದಲೇ ತಿಳಿಯುತ್ತಿತ್ತು. ಕತ್ರಿಗುಪ್ಪೆಯ ಹಳೇ ಊರಿನ ಅವರ ಮಹಡಿಮನೆಯನ್ನು ಬಾಡಿಗೆಗೆ ಕೇಳಿಕೊಂಡು ಯಾರೇ ಬಂದರೂ ಒಂದು ಲೋಟ ಮಜ್ಜಿಗೆ ಕೊಡುವ ನೆಪದಲ್ಲಿ ಹತ್ತಿರ ಬಂದು ಉಸಿರೆಳೆದು ನೋಡುತ್ತಿದ್ದರು. ಕುಡಿತದ ವಾಸನೆ ಬಂತೋ, "ಮನೆ ಖಾಲಿ ಇಲ್ಲ ಸಾರ್" ಎಂದು ಮುಖಕ್ಕೆ ಹೇಳಿ ಕಳಿಸುತ್ತಿದ್ದರು. ಗಂಡನನ್ನು ಬ್ರಾಂದಿ ತಿಂದುಹಾಕಿತ್ತು. ಇದ್ದೊಬ್ಬ ಮಗ ಮಂಜು ಅದರ ಹತ್ತಿರ ಸುಳಿಯಬಾರದು ಎನ್ನುವುದೊಂದೇ ಅವರಿಗಿದ್ದ ಆಸೆ.

ನಾನು ಆ ಪರೀಕ್ಷೆಯಲ್ಲಿ ಪಾಸಾದವನು. ಆದರೆ ಕಸದ ಚೀಲ ನನ್ನ ಮಾನ ಕಳೆಯಿತು. "ಇದೇನು ಸಾರ್ ಬಾಟ್ಲು?" ಎಂದು ಸೊಂಟದ ಮೇಲೆ ಕೈಯಿಟ್ಟು ನಿಂತರು. ಶನಿವಾರ ಒಂದು ಲೋಟ ವೈನ್ ಕುಡಿಯುವ ಚಟ ನನ್ನದು. ಅರ್ಜೆಂಟೀನಾದ ಎತ್ತರದ ಬೆಟ್ಟದ ತಪ್ಪಲಲ್ಲಿ ಬೆಳೆಯುವ ಮಾಲ್ಬೆಕ್ ಎಂಬ ದ್ರಾಕ್ಷಿಗೆ ಬೇರೆ ಒಂದೆರಡು ಜಾತಿ ಬೆರೆಸಿ ಮಾಡಿದ್ದು, ಅಲ್ಲಿ ಹಗಲು ಸುಡುವ ಬಿಸಿಲು, ರಾತ್ರಿ ಕೊರೆಯುವ ಚಳಿ, ಅದಕ್ಕೇ ಆ ಬಣ್ಣ, ಹೊರದೇಶದ್ದಾದರೂ ಕೈಗೆಟುಕುವ ಬೆಲೆ ಎಂದೆಲ್ಲ ವಕಾಲತ್ತು ವಹಿಸಿದೆ. ಪೂರ್ತಿ ಕೇಳಿಸಿಕೊಂಡರು.

"ನಮ್ಮಪ್ಪನ ತೋಟದಲ್ಲೂ ದ್ರಾಕ್ಷಿ ಚಪ್ಪರ ಇತ್ತು ಸಾರ್. ನಾವು ತಿಂದ್ವಿ, ಮಾರಿದ್ವಿ. ಕೊಳೆಸ್ಕೊಂಡು ಕುಡೀಲಿಲ್ಲ."

ಮನೆಯನ್ನೇನೋ ಬಿಡಿಸಲಿಲ್ಲ. ಮಂಜುವಿನ ಕಣ್ಣಿಗೆ ಬಾಟಲಿ ಬೀಳಬಾರದು ಎಂದು ಕಟ್ಟಪ್ಪಣೆ ಮಾಡಿದರು.

ಅವರ ಕಷ್ಟವಿದ್ದದ್ದು ಪಿತೃಪಕ್ಷದಲ್ಲಿ. ಅವರಲ್ಲಿ ಸತ್ತವರಿಗೆ ಇಷ್ಟವಾಗಿದ್ದನ್ನೆಲ್ಲ ಎಡೆ ಇಡಬೇಕು. ಮಟನ್ ಸಾರು, ವಡೆ, ಬೀಡಿ, ಕುಡಿಯುತ್ತಿದ್ದವರಾದರೆ ಅದೂ. ಹಿರಿಯರು ಬಂದು ಉಂಡು ಹೋಗಲೆಂದು ಬಾಗಿಲು ಹಾಕಿ ಸ್ವಲ್ಪ ಹೊತ್ತು ಹೊರಗೆ ಕಾದು, ಆಮೇಲೆ ಅದನ್ನೇ ಮನೆಯವರು ಪ್ರಸಾದವೆಂದು ಹಂಚಿಕೊಳ್ಳಬೇಕು. ಗೌರಮ್ಮ ಎಲ್ಲ ಇಡುತ್ತಿದ್ದರು, ಬ್ರಾಂದಿ ಮಾತ್ರ ಇಡುತ್ತಿರಲಿಲ್ಲ. ಮೈದುನ ನಂಜಪ್ಪ ಪ್ರತಿವರ್ಷ ಗೊಣಗುತ್ತಿದ್ದ. ಮಂಜು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ ವರ್ಷ ಅವನ ಮಾತಿಗೆ ಬಲ ಬಂತು. "ಅಣ್ಣ ಬಂದು ಬಾಯಿ ಒಣಗಿಸ್ಕೊಂಡು ಹೋಗ್ತಾವ್ನೆ ಅತ್ತಿಗೆ. ಆ ಸಿಟ್ಟು ಮಗನ ಮೇಲೆ ತೀರಿಸ್ಕೊಂಡ."

ಗೌರಮ್ಮ ಹೆದರಿದರು. ಮೆಟ್ಟಿಲು ಹತ್ತಿ ಬಂದು, ತಲೆ ತಗ್ಗಿಸಿ, "ನೀವು ಕುಡಿಯೋ ದ್ರಾಕ್ಷೀದೇ ಒಂದು ತಂದ್ಕೊಡಿ ಸಾರ್. ಬ್ರಾಂದಿ ನನ್ನ ಕೈಲಿ ಮುಟ್ಟಕ್ಕಾಗಲ್ಲ" ಎಂದರು. ತಂದುಕೊಟ್ಟೆ.

ಎಡೆಯ ದಿನ ಬಾಗಿಲು ತೆಗೆದೊಡನೆ ನಂಜಪ್ಪ ಎಡೆಯ ಮುಂದಿನ ಲೋಟ ಎತ್ತಿ ಮಂಜುವಿನ ಮುಂದೆ ಹಿಡಿದ. "ಅಪ್ಪನ ಪ್ರಸಾದ ಕಣೋ, ಬೇಡ ಅನ್ಬಾರ್ದು." ಗೌರಮ್ಮ ಅದನ್ನು ಕಿತ್ತುಕೊಂಡು ನಿಂತ ನಿಲುವಿನಲ್ಲೇ ಗಟಗಟ ಕುಡಿದುಬಿಟ್ಟರು. "ಗಂಡನ ಎಡೆ, ಹೆಂಡ್ತಿಗೆ ಸೇರ್ಬೇಕು" ಎಂದರು. ಎಲ್ಲರೂ ಹೋ ಎಂದು ನಕ್ಕರು. ಮಂಜುವೂ ನಕ್ಕ.

ಸಂಜೆ ಮಿಕ್ಕ ವೈನನ್ನು ನನಗೆ ವಾಪಸು ಕೊಡಲು ಬಂದಾಗ ಅವರ ಕಣ್ಣು ಕೆಂಪಾಗಿತ್ತು. "ಥೂ, ಒಗರು. ಮಂಜು ಕೈಗೆ ಹೋಗ್ಬಾರ್ದು ಅಂತ ಕುಡಿದೆ ಸಾರ್. ಅವನಿಗೆ ಹೇಳ್ಬೇಡಿ. ಅಮ್ಮಂಗೆ ನನ್ನ ಮೇಲೆ ನಂಬಿಕೆ ಇಲ್ಲ ಅಂತ ನೊಂದ್ಕೋತಾನೆ." ಹೇಳುವುದಿಲ್ಲ ಎಂದೆ.

ಒಮ್ಮೆ ಇಟ್ಟದ್ದನ್ನು ಮತ್ತೆ ತಪ್ಪಿಸುವಂತಿಲ್ಲವಲ್ಲ. ಮುಂದಿನ ವರ್ಷಗಳಲ್ಲೂ ಅದೇ ವೈನ್, ಗೌರಮ್ಮನದೇ ಮೊದಲ ಕೈ. ನೆಂಟರು 'ವೈನ್ ಗೌರಮ್ಮ' ಎಂದು ಕಾಲೆಳೆಯತೊಡಗಿದರು. ಕುಡಿತವನ್ನು ಜೀವಮಾನವೆಲ್ಲ ಶಪಿಸಿದ ಹೆಂಗಸು ಆ ಹೆಸರನ್ನು ನಗುನಗುತ್ತ ಹೊತ್ತುಕೊಂಡದ್ದು ನೋಡಿದರೆ ನನಗೆ ಸಂಕಟವಾಗುತ್ತಿತ್ತು.

ಹೋದ ಬೇಸಿಗೆಯಲ್ಲಿ ಎದೆನೋವೆಂದು ಆಸ್ಪತ್ರೆಗೆ ಹೋದವರು ತಿರುಗಿ ಬರಲಿಲ್ಲ. ಪಿತೃಪಕ್ಷಕ್ಕೆ ಮಂಜು ನನ್ನನ್ನೂ ಕೆಳಗೆ ಕರೆದ. ಈ ಸಲ ಎರಡು ಎಲೆ. ಅಪ್ಪನ ಮುಂದೆ ಒಂದು ಲೋಟ ವೈನ್. ಅಮ್ಮನ ಮುಂದೆ ಹೊಸ ಸೀರೆ, ಎಲೆ ಅಡಿಕೆ, ಇನ್ನೊಂದು ಲೋಟ. ಜಯನಗರದ ಅಂಗಡಿಗಳನ್ನೆಲ್ಲ ಅಲೆದು ಅದೇ ಬಾಟಲಿ ಹುಡುಕಿ ತಂದಿದ್ದನಂತೆ. ನಿಜ ಹೇಳಿಬಿಡಬೇಕು ಅನ್ನಿಸಿತು. ಗೌರಮ್ಮನವರಿಗೆ ಕೊಟ್ಟ ಮಾತು ನೆನೆದು, ಎಡೆಗೆ ಕೈಮುಗಿದು ಎಲ್ಲರ ಜೊತೆ ಹೊರಗೆ ಬಂದೆ.

ಬಾಗಿಲು ತೆಗೆದು, ನಂಜಪ್ಪ ಕೈ ಚಾಚುವ ಮೊದಲೇ ಮಂಜು ಅಮ್ಮನ ಲೋಟ ಎತ್ತಿಕೊಂಡ. "ಅಮ್ಮಂಗೆ ಇದಂದ್ರೆ ಪ್ರಾಣ ಅಲ್ವಾ ಅಂಕಲ್" ಎಂದು ಕಣ್ಣಿಗೊತ್ತಿಕೊಂಡು ಒಂದು ಗುಟುಕು ಕುಡಿದ. ಸ್ವಲ್ಪ ಹೊತ್ತು ಬಾಯಲ್ಲೇ ಇಟ್ಟುಕೊಂಡು ನುಂಗಿದ.

"ಚೆನ್ನಾಗಿದೆ" ಎಂದು ಇನ್ನೊಂದು ಗುಟುಕು ಕುಡಿದ.