ನಿನ್ನ ಕಡೆ

ಕಾರು ಕಲಿಸುವ ಮೇಷ್ಟ್ರಿಗೆ ಊರಲ್ಲಿ ಒಳ್ಳೆಯ ಹೆಸರಿತ್ತು. ಕ್ಲಚ್ಚು ಯಾವುದು, ಬ್ರೇಕು ಯಾವುದು ಎಂದು ತಿಳಿಯದವರನ್ನೂ ಪೇಟೆಯ ನಡುವೆ ಓಡಿಸುವಂತೆ ಮಾಡುವ ತಾಳ್ಮೆ ಅವರದು. ಆ ತಾಳ್ಮೆ ಕೈಕೊಟ್ಟದ್ದು ಸ್ವಂತ ಮಗನ ವಿಷಯದಲ್ಲಿ ಮಾತ್ರ. ಹುಡುಗ ಉಳಿದೆಲ್ಲದರಲ್ಲೂ ಚುರುಕು, ಆದರೆ ಎಡಕ್ಕೆ ಎಂದರೆ ಬಲಕ್ಕೆ ತಿರುಗಿಸುತ್ತಿದ್ದ. ಅವಸರವಾದರಂತೂ ಕೇಳುವುದೇ ಬೇಡ. ಹಾಲಿನ ವ್ಯಾನಿಗೆ ಗುದ್ದುವುದು ಕೂದಲೆಳೆಯಲ್ಲಿ ತಪ್ಪಿದ ದಿನ ಮೇಷ್ಟ್ರು ಒಂದು ಉಪಾಯ ಹೂಡಿದರು. ಸ್ಟೇರಿಂಗ್ ಹಿಡಿದು ಬಲಗಡೆ ಕೂತವನು ಮಗ, ಎಡಗಡೆ ತಾವು. ಹಾಗಾಗಿ ಬಲಕ್ಕೆ ‘ನಿನ್ನ ಕಡೆ’, ಎಡಕ್ಕೆ ‘ನನ್ನ ಕಡೆ’. ಆಮೇಲೆ ಹುಡುಗನ ಕೈ ಒಮ್ಮೆಯೂ ತಪ್ಪಲಿಲ್ಲ. ಲೈಸೆನ್ಸ್ ಬಂತು. ಮೇಷ್ಟ್ರು ಮೀಸೆ ತಿರುವಿಕೊಂಡರು. ಕಲಿಸಬೇಕಾದದ್ದನ್ನು ಕಲಿಸದೆ ದಾಟಿಸಿಬಿಟ್ಟೆ ಎಂಬುದು ಆ ಮಹಾನುಭಾವರಿಗೆ ಹೊಳೆಯಲೇ ಇಲ್ಲ.

ಮಗ ಪೈಲಟ್ ಆದ. ಎರಡು ಇಂಜಿನ್ನಿನ ಪುಟ್ಟ ವಿಮಾನ, ಅದರಲ್ಲಿ ಪೈಲಟ್ ಕೂರುವುದು ಎಡಗಡೆ. ವರ್ಷಗಟ್ಟಲೆ ಹಾರಿಸಿದ, ಯಾರಿಂದಲೂ ಒಂದು ಮಾತು ಬರಲಿಲ್ಲ. ಒಂದು ಬೆಳಿಗ್ಗೆ ಸರ್ವೇಯರ್ ಒಬ್ಬರನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು ಮೇಲೇರುತ್ತಿದ್ದಾಗ ಹಕ್ಕಿ ಬಡಿದು ಎಡ ಇಂಜಿನ್ ನಿಂತಿತು. ಕೆಟ್ಟದ್ದನ್ನು ಪೂರ್ತಿ ಬಂದ್ ಮಾಡಿ ಇನ್ನೊಂದರ ಮೇಲೇ ಸುತ್ತು ಹಾಕಿ ಇಳಿಯಬಹುದಿತ್ತು. ಅವನು ಚೆನ್ನಾಗಿದ್ದ ಬಲ ಇಂಜಿನ್ನನ್ನೇ ಬಂದ್ ಮಾಡಿಬಿಟ್ಟ. ವಿಮಾನ ರನ್‌ವೇ ಆಚೆಯ ಹೊಲಕ್ಕೆ ಬಿತ್ತು. ಇಬ್ಬರೂ ಉಳಿಯಲಿಲ್ಲ.

ರೇಡಿಯೊದಲ್ಲಿ ದಾಖಲಾಗಿದ್ದ ಅವನ ಕೊನೆಯ ಮಾತನ್ನು ತನಿಖೆಯವರು ಮೇಷ್ಟ್ರಿಗೂ ಸೊಸೆಗೂ ಕೇಳಿಸಿದರು: “ನಿನ್ನ ಕಡೆದು... ನಿನ್ನ ಕಡೆದು.”

ಪಕ್ಕದಲ್ಲಿದ್ದ ಸರ್ವೇಯರಿಗೆ ಹೇಳಿದ್ದು ಎಂದು ಸೊಸೆ ಪಟ್ಟು ಹಿಡಿದಳು. ಅವರು ಕೂತಿದ್ದದ್ದು ಬಲಗಡೆ, ಅಂದಮೇಲೆ ಬಲ ಇಂಜಿನ್ನೂ ಕೆಟ್ಟಿರಲೇಬೇಕು, ಅದನ್ನು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್ಕೇ ತನ್ನ ಗಂಡನನ್ನು ಕೊಂದ ಎಂದಳು. ಮಗ ಪ್ರಯಾಣಿಕರನ್ನು ಎಂದೂ ಏಕವಚನದಲ್ಲಿ ಮಾತಾಡಿಸಿದವನಲ್ಲ. ಅದನ್ನು ಕೇಳಿದರೆ, ಜೀವ ಹೋಗುವಾಗ ನೀವು ತಾವು ಎಲ್ಲಿ ನೆನಪಿರುತ್ತದೆ ಎನ್ನುತ್ತಿದ್ದಳು.

ಆ ‘ನಿನ್ನ’ ಯಾರು ಎಂದು ಮೇಷ್ಟ್ರಿಗೆ ಕೇಳಿದ ಕ್ಷಣದಲ್ಲೇ ಗೊತ್ತಾಗಿತ್ತು. ಎಡಗಡೆ ಕೂತವನು ಕೆಟ್ಟ ಇಂಜಿನ್ ತನ್ನ ಕಡೆಯದೆಂದು ಸರಿಯಾಗಿಯೇ ಗುರುತಿಸಿದ್ದ. ಗಾಬರಿಯಲ್ಲಿ ಅಪ್ಪನ ಮಾತಿನಲ್ಲೇ ತನಗೆ ತಾನೇ ಹೇಳಿಕೊಂಡ. ಕೈ ಮಾತ್ರ ‘ನಿನ್ನ ಕಡೆ’ ಎಂದಾಗ ಎತ್ತ ಹೋಗಿ ರೂಢಿಯೋ ಅತ್ತಲೇ ಹೋಯಿತು.

ಹೇಳಬಹುದಿತ್ತು, ಹೇಳಲಿಲ್ಲ. ಸೊಸೆಯ ಚೀಲ ಹಿಡಿದುಕೊಂಡು ಕಚೇರಿ ಕಚೇರಿ ಅಲೆದರು. ಅವಳು ಮೆಕ್ಯಾನಿಕ್ಕನ ಮನೆ ಬಾಗಿಲಲ್ಲಿ ನಿಂತು ಹೆಂಡತಿ ಮಕ್ಕಳೆದುರೇ ಅವನನ್ನು ಬೈದಾಗ ಬೀದಿಯ ತುದಿಯಲ್ಲಿ ಯಾರದೋ ಬೋರ್ಡು ಓದುತ್ತಾ ನಿಂತರು. ಬಲ ಇಂಜಿನ್ನಿನಲ್ಲಿ ದೋಷವಿರಲಿಲ್ಲ ಎಂದು ತನಿಖೆಯವರು ಹೇಳಿದರೂ ಕಂಪನಿ ಗಲಾಟೆಗೆ ಹೆದರಿ ಮೆಕ್ಯಾನಿಕ್ಕನನ್ನು ಮನೆಗೆ ಕಳಿಸಿತು. ಒಬ್ಬನ ಹೊಟ್ಟೆಯ ಮೇಲೆ ಹೊಡೆದು ಮೇಷ್ಟ್ರು ತಮ್ಮ ಮಾನ ಉಳಿಸಿಕೊಂಡರು.

ಆ ಮೆಕ್ಯಾನಿಕ್ ಒಂದು ಮಧ್ಯಾಹ್ನ ಅವರ ಡ್ರೈವಿಂಗ್ ಸ್ಕೂಲಿಗೇ ಬಂದ. ಊರಲ್ಲಿ ಇದ್ದದ್ದು ಅದೊಂದೇ. ಒಳಗೆ ಬರದೆ ಹೊಸ್ತಿಲಾಚೆಯೇ ನಿಂತ.

“ನಿಮ್ಮ ಹತ್ರ ಬರಬಾರದಿತ್ತು ಸಾರ್. ಇನ್ನು ಯಾರೂ ನನ್ನ ಕೈಗೆ ಇಂಜಿನ್ ಕೊಡಲ್ಲ. ಬಿಚ್ಚಿ ಜೋಡಿಸೋಕೆ ಬರುತ್ತೆ, ಓಡಿಸೋಕೆ ಬರಲ್ಲ. ಕಲಿಸಿದ್ರೆ ಟ್ಯಾಕ್ಸಿ ಹಿಡೀತೀನಿ.”

ಯೋಚಿಸಿ ಹೇಳುತ್ತೇನೆ ಎಂದು ಅವನನ್ನು ಕಳಿಸಿ ಮೇಷ್ಟ್ರು ಸ್ಕೂಲಿನ ಬಾಗಿಲೆಳೆದರು. ಮನೆಗೆ ಬಂದವರೇ ಅಡುಗೆಮನೆಯ ಬಾಗಿಲಲ್ಲಿ ನಿಂತು, ಹಾಲಿನ ವ್ಯಾನಿನಿಂದ ಶುರುಮಾಡಿ ಎಲ್ಲವನ್ನೂ ಸೊಸೆಗೆ ಹೇಳಿದರು. ಅವಳು ಒಲೆ ಆರಿಸಿದಳು.

“ಇದು ನಿಮಗೆ ಯಾವತ್ತು ಗೊತ್ತಾಯ್ತು?”

“ಕೇಳಿಸಿದ ದಿನವೇ.”

ಜೊತೆಗೆ ಬಾ, ಇಬ್ಬರೂ ಹೋಗಿ ಆ ಮೆಕ್ಯಾನಿಕ್ಕನ ಕಾಲು ಹಿಡಿಯೋಣ ಎಂದು ಮೇಷ್ಟ್ರು ಅಂಗಲಾಚಿದರು.

“ಅವತ್ತು ಅವನ ಬಾಗಿಲಿಗೆ ನಾನು ಒಬ್ಬಳೇ ಹೋಗಿದ್ದೆ ಮಾವ. ನೀವೂ ಒಬ್ಬರೇ ಹೋಗಿ. ನನ್ನ ಪಾಲಿನ ಕ್ಷಮೆ ನಾನು ಆಮೇಲೆ ಕೇಳ್ಕೋತೀನಿ.”

ಮೇಷ್ಟ್ರು ನಡೆದೇ ಹೋದರು. ಬಾಗಿಲು ತೆರೆದ ಮೆಕ್ಯಾನಿಕ್ಕನ ಮುಖ ಅವರನ್ನು ಕಂಡು ಅರಳಿತು. ಕುರ್ಚಿ ಎಳೆದು ಹೆಗಲ ಮೇಲಿನ ಬಟ್ಟೆಯಿಂದ ಒರೆಸಿದ, ಟೀ ಇಡು ಎಂದು ಹೆಂಡತಿಗೆ ಕೂಗಿ ಹೇಳಿದ.

“ಒಪ್ಕೊಂಡ್ರಾ ಸಾರ್? ಮೊದಲು ಕೂತ್ಕೊಳ್ಳಿ.”

ಮೇಷ್ಟ್ರು ಕೂರಲಿಲ್ಲ. ನಿಂತೇ ಹೇಳಿದರು.